ಬಾಯಿ ಒಣಗಿಸುವ ಸೂಜಿ

ನನ್ನನ್ನು ಜನ ಡಾಕ್ಟರೆಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಹೊಟ್ಟೆ ಕೊಯ್ಯುವವರು ಡಾಕ್ಟರು, ಮಾತ್ರೆ ಕೊಡುವವರು ಡಾಕ್ಟರು. ರೋಗಿಯ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು, ಮೂಗಿನ ಮೇಲಿನ ಬಟ್ಟೆಗೆ ಈಥರ್ ತೊಟ್ಟಿಕ್ಕಿಸುವ ಈ ಹೆಂಗಸು ಯಾರು? ಐವತ್ತರ ದಶಕದ ಮೊದಲ ವರ್ಷಗಳು ಅವು. ಚಾಮರಾಜಪೇಟೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವುದು ನನ್ನ ಕೆಲಸ. ಗುಣವಾದವರು ಸರ್ಜನ್ನರಿಗೆ ಹಣ್ಣಿನ ಬುಟ್ಟಿ ತಂದುಕೊಡುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದುದು ಸೀರೆಗಂಟಿದ ಈಥರ್ ವಾಸನೆ. ಅವೆನ್ಯೂ ರಸ್ತೆಯ ಪುಸ್ತಕದಂಗಡಿಯಲ್ಲಿ ನಾನು ನಿಂತರೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಸರಿಯುತ್ತಿದ್ದರು. ಸರಿಯಲಿ ಬಿಡಿ, ನನಗೆ ಪುಸ್ತಕ ನೋಡಲು ಜಾಗವಾಗುತ್ತಿತ್ತು.

ನನ್ನ ನಿಜವಾದ ಕೆಲಸ ಆಪರೇಷನ್ನಿಗೆ ಮುಂಚೆಯೇ ಶುರುವಾಗುತ್ತಿತ್ತು. ಸುಮಾರು ಒಂದು ಗಂಟೆ ಮೊದಲು ವಾರ್ಡಿಗೆ ಹೋಗಿ, ಕುದಿಸಿದ ಗಾಜಿನ ಸಿರಿಂಜಿನಲ್ಲಿ ಎರಡು ಔಷಧ ಸೇರಿಸಿ ಚುಚ್ಚುತ್ತಿದ್ದೆ. ಮಾರ್ಫಿಯಾ ಭಯ ಇಳಿಸಿ ಮಂಪರು ತರುತ್ತದೆ. ಅಟ್ರೊಪಿನ್ ಬಾಯಿ, ಗಂಟಲು ಒಣಗಿಸುತ್ತದೆ. ಅದಿಲ್ಲದಿದ್ದರೆ ಈಥರ್ ಸೋಕಿದ ಕೂಡಲೇ ಜೊಲ್ಲು ಉಕ್ಕಿ ಉಸಿರು ಕಟ್ಟುತ್ತದೆ. ಹೆದರಿ ನಡುಗುವವರಿಗೆ ಈಥರ್ ಕೊಡುವುದೆಂದರೆ ಕುಸ್ತಿಯೇ. ಕೈಗೆ ಒಬ್ಬರು, ಕಾಲಿಗೆ ಒಬ್ಬರು ಬೇಕು. ನೆಮ್ಮದಿಯಾಗಿ ಬಂದವರು ಸ್ವಲ್ಪ ಔಷಧಕ್ಕೇ ಮಲಗಿಬಿಡುತ್ತಾರೆ. ಅದಕ್ಕೇ ಆ ಸೂಜಿಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಒಮ್ಮೆ ಪ್ರೈಮರಿ ಸ್ಕೂಲಿನ ಟೀಚರಮ್ಮ ಒಬ್ಬರು ಭರ್ತಿಯಾದರು. ಹೊಟ್ಟೆಯಲ್ಲಿ ಗಡ್ಡೆ. ರಕ್ತ ಹೋಗಿ ಹೋಗಿ ಮುಖ ಬಿಳಚಿಕೊಂಡಿತ್ತು. ಹಿಂದೆ ಎರಡು ಸಲ ಬಂದು ಸೇರಿ, ಹೆದರಿ, ಆಪರೇಷನ್ನಿನ ದಿನವೇ ಮನೆಗೆ ಹೋಗಿಬಿಟ್ಟಿದ್ದರು. ಈ ಸಲವೂ ಹೋದರೆ ಅವರು ಉಳಿಯುವುದಿಲ್ಲ ಎಂದು ಸರ್ಜನ್ನರು ನನಗೆ ನೇರವಾಗಿಯೇ ಹೇಳಿದ್ದರು. ಅದು ಹೇಗೆ ಹೋಗುತ್ತಾರೋ ನೋಡೇಬಿಡುತ್ತೇನೆ ಎಂದು ನಾನು ಹಟ ತೊಟ್ಟೆ.

ಬೆಳಿಗ್ಗೆ ಸೂಜಿ ಚುಚ್ಚಿ, ಅವರ ಗಂಡನನ್ನು ಕರೆದು, "ಬಾಯಿ ಒಣಗತ್ತೆ, ನೀರು ಕೇಳ್ತಾರೆ. ಒಂದು ತೊಟ್ಟೂ ಕೊಡಬೇಡಿ. ಮನೆಯವರಿಗೆಲ್ಲ ಹೇಳಿಬಿಡಿ" ಎಂದು ಹೇಳಿ ಥಿಯೇಟರಿಗೆ ಹೋದೆ. ಆತ ತಲೆಯಾಡಿಸಿ, ಯಾರಿಗೂ ಏನೂ ಹೇಳದೆ, ಆಚೆ ಹೋಗಿ ನಶ್ಯ ಏರಿಸುತ್ತ ನಿಂತರು. ಒಳಗೆ ಮಂಚದ ಸುತ್ತ ನೆರೆದಿದ್ದ ನೆಂಟರಿಗೆ ಕಂಡದ್ದೇನು? ಕಣ್ಣು ಅರೆಮುಚ್ಚಿದೆ, ಮಾತು ತೊದಲುತ್ತಿದೆ, ತುಟಿ ಒಣಗಿದೆ, "ನೀರು, ನೀರು" ಎಂದು ಕನವರಿಸುತ್ತಿದ್ದಾಳೆ. ಇದರ ಅರ್ಥವನ್ನು ನಮ್ಮ ಕಡೆಯ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಟೀಚರಮ್ಮನ ಅತ್ತೆ, ಕಾಶಿಯಿಂದ ತಂದು ದೇವರ ಮನೆಯಲ್ಲಿ ಇಟ್ಟುಕೊಂಡಿದ್ದ ಗಂಗೆಯ ತಾಮ್ರದ ಗಿಂಡಿಯನ್ನು, ಯಾವುದಕ್ಕೂ ಇರಲಿ ಎಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ತಮ್ಮ ಕೊನೆಗಾಲಕ್ಕೆಂದು ಇಟ್ಟುಕೊಂಡದ್ದು ಅದು. ಅದರ ಬೆಸುಗೆ ಒಡೆದು ಸೊಸೆಯ ಬಾಯಿಗೆ ಮೊದಲ ಉದ್ಧರಣೆ ನೀರು ಅವರೇ ಬಿಟ್ಟರು. ಅವರೊಬ್ಬರು ಬಿಟ್ಟರೆ ಉಳಿದವರ ಮನಸ್ಸು ಕೇಳಬೇಕಲ್ಲ? ನಾದಿನಿಯರು, ಚಿಕ್ಕಮ್ಮ, ದೊಡ್ಡಮ್ಮ, ಎಲ್ಲರದೂ ಆಯಿತು.

ನಾನು ಬಂದು ನೋಡುವಾಗ ಗಿಂಡಿ ಖಾಲಿಯಾಗಿತ್ತು, ವಾರ್ಡಿನಲ್ಲಿ ಗೊಳೋ ಎಂದು ಅಳು. ಟೀಚರಮ್ಮ ಕಣ್ಣು ಅಗಲಿಸಿಕೊಂಡು ನಡುಗುತ್ತಿದ್ದರು. ಮಾರ್ಫಿಯಾ ಇಳಿಸಿದ್ದ ಭಯವನ್ನು ನೆಂಟರು ಎರಡರಷ್ಟು ಮಾಡಿ ವಾಪಸು ತುಂಬಿದ್ದರು.

"ನಾನು ಮನೆಗ್ ಹೋಗ್ತೀನಿ ಡಾಕ್ಟ್ರಮ್ಮ," ಎಂದರು ಟೀಚರಮ್ಮ. "ಗಂಗೆ ಬಿಟ್ಟಾಯ್ತಲ್ಲ, ಇನ್ನೇನ್ ಉಳೀತು? ಸಾಯೋದಾದ್ರೆ ಮನೇಲೇ ಸಾಯ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಹೊಟ್ಟೆಯಲ್ಲಿ ನೀರಿರುವಾಗ ಈಥರ್ ಕೊಟ್ಟರೆ ವಾಂತಿಯಾಗಿ ಉಸಿರಿನ ಕೊಳವೆಗೆ ಇಳಿಯುತ್ತದೆ. ಅದು ಗಂಗೆಯ ನೀರೋ ನಲ್ಲಿಯ ನೀರೋ ಶ್ವಾಸಕೋಶ ವಿಚಾರಿಸುವುದಿಲ್ಲ. ಸರ್ಜನ್ನರು ಬಾಗಿಲಲ್ಲೇ ನಿಂತು, "ಇವತ್ತು ಬೇಡ, ಮನೆಗೆ ಕಳಿಸ್ಬಿಡಿ. ಮುಂದಿನ ವಾರ ನೋಡೋಣ" ಎಂದರು.

"ಮುಂದಿನ ವಾರ ಅವರು ಬರಲ್ಲ ಸರ್. ಇವತ್ತೇ ಆಗ್ಬೇಕು. ಹೊಟ್ಟೆ ಖಾಲಿಯಾಗ್ಲಿ, ಸಾಯಂಕಾಲ ಮಾಡೋಣ. ಅವರನ್ನ ಒಪ್ಸೋದು ನನ್ ಜವಾಬ್ದಾರಿ" ಎಂದೆ. ಅವರು ನನ್ನ ಮುಖ ನೋಡಿ, "ನಿಮ್ಮಿಷ್ಟ" ಎಂದು ಹೊರಟುಹೋದರು.

ನೆಂಟರನ್ನೆಲ್ಲ ಹೊರಗಟ್ಟಿದೆ. ಅತ್ತೆ ಮಾತ್ರ ಕದಲಲಿಲ್ಲ. ಕೆಂಪು ಸೀರೆಯ ಸೆರಗನ್ನು ತಲೆತುಂಬ ಹೊದ್ದ ಮಡಿ ಹೆಂಗಸು. ಸೊಸೆಯ ಎದುರಿಗೇ ಅವರಿಗೆ ಎಲ್ಲ ವಿವರಿಸಿದೆ: ಅದು ಸಾವಿನ ಬಾಯಾರಿಕೆಯಲ್ಲ, ಔಷಧದ ಗುಣ. ಟೀಚರಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅತ್ತೆ ನನ್ನ ಕಡೆ ತೋಳು ಚಾಚಿದರು.

"ಹಾಗಾದ್ರೆ ಆ ಸೂಜಿ ನನಗೂ ಚುಚ್ಚಿ."

"ಏನಮ್ಮಾ ನೀವು ಹೇಳ್ತಿರೋದು?"

"ನನ್ನ ಬಾಯೂ ಒಣಗ್ಲಿ, ಇವಳು ನೋಡ್ಲಿ. ಮೊದಲು ಗಂಗೆ ಬಿಟ್ಟೋಳು ನಾನು. ನಿಮ್ಮ ಮಾತು ಅವಳು ನಂಬೋದಿಲ್ಲ."

ಬೈದೆ, ಗದರಿಸಿದೆ. ಚಾಚಿದ ತೋಳು ಹಿಂದೆ ಹೋಗಲಿಲ್ಲ. ನನ್ನ ಹಟಕ್ಕೆ ಸರಿಜೋಡಿ ಸಿಕ್ಕಿತ್ತು. ನಾಡಿ ಹಿಡಿದು, ಎದೆ, ಕಣ್ಣು ಪರೀಕ್ಷೆ ಮಾಡಿ, ಮಾರ್ಫಿಯಾ ಸೇರಿಸದೆ ಅಟ್ರೊಪಿನ್ ಒಂದನ್ನೇ ಸ್ವಲ್ಪ ಚುಚ್ಚಿದೆ. ಈಗಿನ ಡಾಕ್ಟರುಗಳು ಓದಿದರೆ ನನ್ನ ಮೇಲೆ ಹರಿಹಾಯಬಹುದು. ಹಾಯಲಿ. ಅಂಥ ದಿನ ಮತ್ತೆ ಬಂದರೆ ಮತ್ತೆ ಚುಚ್ಚುತ್ತೇನೆ.

ತುಸು ಹೊತ್ತಿಗೆ ಅತ್ತೆಯ ನಾಲಿಗೆ ಅಂಗುಳಕ್ಕೆ ಅಂಟತೊಡಗಿತು. ಮಾತಾಡಲು ಹೋದರೆ ತೊದಲು, ಉಗುಳು ನುಂಗಲು ಹೋದರೆ ಉಗುಳೇ ಇಲ್ಲ. ಬಾಯಿ ಚಪ್ಪರಿಸಿಕೊಳ್ಳುತ್ತ, "ನೋಡೇ ಇಲ್ಲಿ, ಹಿಟ್ಟು ಮುಕ್ಕಿದ ಹಾಗಿದೆ. ನಾನೇನು ಸತ್ತುಹೋದ್ನಾ?" ಎಂದು ಸೊಸೆಯ ಭುಜ ಹಿಡಿದು ಈಚೆ ತಿರುಗಿಸಿದರು. ಟೀಚರಮ್ಮ ಅವರ ಬಾಯನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನಕ್ಕುಬಿಟ್ಟರು.

"ಅತ್ತೆ, ಮದುವೆಯಾಗಿ ಬಂದಾಗಿಂದ ನಿಮ್ಮ ಬಾಯಿ ಕಟ್ಟಿದ್ದು ಇವತ್ತೇ ನೋಡಿದ್ದು," ಎಂದು, ನನ್ನ ಕಡೆ ತಿರುಗಿ, "ಸರಿ ಡಾಕ್ಟ್ರಮ್ಮ, ಆಗ್ಲಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಪಾಳಿಗೆ ಬಿನ್ನಿಪೇಟೆಯ ಗಿರಣಿ ಕೂಗಿದ ಮೇಲೆ ಟೀಚರಮ್ಮನಿಗೆ ಎರಡನೆಯ ಸೂಜಿ ಚುಚ್ಚಿದೆ. ಟೀಚರಮ್ಮ ನೀರು ಕೇಳಿದಾಗಲೆಲ್ಲ ಅತ್ತೆ ಕೈ ಹಿಡಿದು, "ಔಷಧದ ಗುಣ ಕಣೇ, ನಂಗೂ ಹಾಗೇ ಇದೆ" ಎನ್ನುತ್ತಿದ್ದರು. ಥಿಯೇಟರಿನಲ್ಲಿ ಯಾರೂ ಯಾರ ಕೈಕಾಲನ್ನೂ ಹಿಡಿಯಬೇಕಾಗಲಿಲ್ಲ. ಈಥರಿಗೆ ಆಕೆ ತಾನಾಗಿ ಉಸಿರೆಳೆದುಕೊಂಡರು. ಗಡ್ಡೆ ಪೂರ್ತಿ ಹೊರಗೆ ಬಂತು, ಅವರು ಉಳಿದರು.

ಕತ್ತಲಾಗುವ ಹೊತ್ತಿಗೆ ವಾರ್ಡಿಗೆ ಬಂದೆ. ಟೀಚರಮ್ಮನಿಗೆ ಆಗಷ್ಟೇ ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ನರ್ಸ್ ಲೋಟ ಹಿಡಿದುಕೊಂಡು ನಿಂತು, "ಮಧ್ಯಾಹ್ನದಿಂದ ಈ ಅಜ್ಜಿಗೆ ನೀರು ಕೊಡ್ತಾನೇ ಇದೀನಿ ಮೇಡಂ, ಮುಟ್ತಾನೇ ಇಲ್ಲ" ಎಂದು ದೂರಿದಳು. ಅತ್ತೆಯ ತುಟಿ ಸೀಳುಬಿಟ್ಟಿತ್ತು. ಮಡಿಯ ಕಾರಣಕ್ಕೆ ಎಂದುಕೊಂಡು ನಾನು ರೇಗಿದೆ.

"ನಿಮ್ಮ ಮಡಿ ನನಗೆ ಗೊತ್ತು. ಮನೆಯಿಂದ ತರಿಸ್ಕೊಂಡಾದ್ರೂ ಕುಡಿಯೋದಲ್ವೇನಮ್ಮಾ?"

"ಮಡಿ ಅಲ್ಲಮ್ಮ," ಎಂದರು, ಮಾತು ಕಷ್ಟದಿಂದ ಹೊರಡುತ್ತಿತ್ತು. "ಇವಳ ಬಾಯಿ ಒಣಗಿರೋವಾಗ ನಾನ್ ಹೆಂಗೆ ಕುಡೀಲಿ?"

ನಾನು ಹತ್ತಿಯನ್ನು ನೀರಿನಲ್ಲಿ ಅದ್ದಿ ಟೀಚರಮ್ಮನ ತುಟಿಗೆ ಒತ್ತಿದೆ. ಆಕೆ ನಾಲಿಗೆ ಚಾಚಿ ಅದನ್ನು ಚೀಪಿದರು. ಅತ್ತೆ ಅದನ್ನು ನೋಡಿ, ನರ್ಸಿನ ಕೈಯಿಂದಲೇ ಲೋಟ ಕಿತ್ತುಕೊಂಡು, ನಿಂತ ನಿಲುವಿನಲ್ಲೇ ಗಟಗಟ ಕುಡಿದರು.