ಅಮ್ಮನ ದನಿಯ ಇಪ್ಪತ್ತು ಸೆಕೆಂಡು

ಒಂದೇ ಆನ್‌ಲೈನ್ ಆಟದ ಹುಚ್ಚಿದ್ದ ನಾವು ಏಳು ಮಂದಿ ಸೇರಿ ಒಂದು ವಿಡಿಯೊ ಮಾಡಿದೆವು. ಆಟದ ದೃಶ್ಯಗಳನ್ನು ಕತ್ತರಿಸಿ ಹಾಡಿಗೆ ಹೊಂದಿಸುವುದು. ಹಾಡಿನ ಇಪ್ಪತ್ತು ಸೆಕೆಂಡು ಒಬ್ಬೊಬ್ಬರ ಪಾಲು. ಮುಂಬಯಿಯ ಜೋಗೇಶ್ವರಿಯಲ್ಲಿರುವ ಗೆಳೆಯನೊಬ್ಬ ಎಲ್ಲವನ್ನೂ ಜೋಡಿಸಿ ಗುಂಪಿಗೆ ಕಳಿಸುತ್ತಾನೆ. ಎಲ್ಲರೂ ಥಂಬ್ಸ್‌ಅಪ್ ಒತ್ತಿದ ಮೇಲೆಯೇ ಅಪ್‌ಲೋಡ್.

ನನ್ನ ಪಾಲಿನಲ್ಲಿ ಸೈನಿಕನೊಬ್ಬ ಯುದ್ಧ ಮುಗಿಸಿ ಬಂದು ಮನೆಯ ಬಾಗಿಲು ತಳ್ಳುತ್ತಾನೆ. ಆಟದಲ್ಲಿ ಆ ಮನೆ ಖಾಲಿ. ನಾನು ಅಲ್ಲಿ ಅಮ್ಮನ ದನಿ ಇಟ್ಟೆ: "ಬಂದೆಯಾ? ಕೈಕಾಲು ತೊಳಿ, ಬಡಿಸ್ತೇನೆ." ವಡಾಲದ ನಮ್ಮ ಅಡುಗೆಮನೆಯಲ್ಲಿ ಫ್ಯಾನ್ ನಿಲ್ಲಿಸಿ ಒಂಬತ್ತು ಸಲ ಹೇಳಿಸಿದ್ದೆ. ಒಂಬತ್ತೋ ಆರೋ, ಸಿಟ್ಟಿನಲ್ಲಿ ಸಂಖ್ಯೆ ಬೆಳೆಯುತ್ತದೆ. ಅಮ್ಮ ಬಿಲ್ಡಿಂಗಿನ ಅರ್ಧ ಜನಕ್ಕೆ ಹೇಳಿಕೊಂಡು ಬಂದಿದ್ದಳು.

ವಿಡಿಯೊ ಅಪ್‌ಲೋಡ್ ಆದ ಸಂಜೆ ಅಮ್ಮ ಪಕ್ಕದ ಮನೆಯವಳನ್ನೂ ಕೂರಿಸಿಕೊಂಡು ನೋಡಿದಳು. ಬಾಗಿಲು ತೆರೆಯಿತು. ಯಾರೋ ಹುಡುಗಿ ಹಿಂದಿಯಲ್ಲಿ "ಆ ಗಯೇ ಬೇಟಾ?" ಎಂದಳು.

"ಇದು ನಾನಲ್ಲ ಅಲ್ವಾ," ಎಂದ ಅಮ್ಮ ಚಹಾ ಇಡಲು ಎದ್ದಳು.

ಮರುದಿನ ಆ ಜೋಗೇಶ್ವರಿಯವನನ್ನು ಘಾಟ್ಕೋಪರ್ ಮೆಟ್ರೊ ಮೆಟ್ಟಿಲ ಬಳಿ ಹಿಡಿದೆ.

"ಕನ್ನಡ ಕೇಳಿದ್ರ ಪಬ್ಲಿಕ್ ಸ್ಕಿಪ್ ಮಾಡ್ತೈತಿ, ಯಾರ್," ಎಂದ.

"ನಿನ್ನ ಅಮ್ಮ ಯಾವ ಭಾಷೆಯಲ್ಲಿ ಊಟಕ್ಕೆ ಕರೆಯುವುದು?"

"ನಮ್ಮವ್ವನ್ನ ನಾ ವಿಡಿಯೊದಾಗ ಹಾಕಿಲ್ಲಲ್ಲ." ನಕ್ಕು, ಫೋನ್ ತೆಗೆದು ತೋರಿಸಿದ. "ನೋಡಿಲ್ಲಿ. ಕಳಿಸೀನಿ. ನಿನ್ನ ಥಂಬ್ಸ್‌ಅಪ್ ಐತಿ."

ಇತ್ತು. ಹಾರ್ಬರ್ ಲೈನ್ ಲೋಕಲ್ ರೈಲಿನಲ್ಲಿ ನಿಂತು, ಇಯರ್‌ಫೋನ್ ಇಲ್ಲದೆ, ಚಿತ್ರ ಮಾತ್ರ ನೋಡಿ ಒತ್ತಿರಬೇಕು. ಚಿತ್ರವನ್ನಾದರೂ ಪೂರ್ತಿ ನೋಡಿದ್ದೆನೇ? ನೆನಪಿಲ್ಲ. ನಾನು ಒಪ್ಪಿಗೆ ಕೊಟ್ಟೇ ಇರಲಿಲ್ಲವೆಂದು ಹಿಂದಿನ ದಿನ ಇದೇ ಡೈರಿಯಲ್ಲಿ ಎರಡು ಪುಟ ಬರೆದಿದ್ದೇನೆ.

ಆದರೂ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು. ದನಿ ಬದಲಿಸಿದ್ದೇನೆ ಎಂದು ಒಂದು ಸಾಲು ಬರೆಯಲು ಅವನಿಗೇನಾಗಿತ್ತು? ನಾನು ಕೇಳಿಸಿಕೊಳ್ಳದೆ ಒತ್ತಿದೆ. ಕೇಳಿಸಿಕೊಳ್ಳುವುದಿಲ್ಲ ಎಂಬ ಧೈರ್ಯದಲ್ಲೇ ಅವನು ಕಳಿಸಿದ.

"ನನ್ನ ಪಾಲು ತೆಗಿ."

"ನಡುವ ಸ್ಕ್ರೀನ್ ಕಪ್ಪಾಗ್ತೈತಿ. ಎಲ್ಲಾರ್ದೂ ಹಾಳು."

"ಆಗಲಿ."

ಉಳಿದವರ ಶ್ರಮ ಹಾಳಾಗಲಿ ಎಂದೇ ಆಗ ನನಗೆ ಅನ್ನಿಸಿದ್ದು.

ಎರಡು ದಿನ ಬಿಟ್ಟು ಅವನು ಹಾಗೆಯೇ ಮಾಡಿ ಹಾಕಿದ. ಹಾಡು ನಡೆಯುತ್ತಿರುತ್ತದೆ, ಪರದೆ ಇಪ್ಪತ್ತು ಸೆಕೆಂಡು ಕಪ್ಪು. ಗೆದ್ದವರ ಹಾಗೆ ಅಮ್ಮನಿಗೆ ತೋರಿಸಿದೆ.

"ನನ್ನ ದನಿ ಹಾಕಿಸ್ಲಿಕ್ಕೆ ಹೋದದ್ದಲ್ವಾ ನೀನು?" ಎಂದಳು.

ಮೆಟ್ಟಿಲ ಬಳಿ ಆಡಿದ ಒಂದೊಂದು ಮಾತನ್ನೂ ನೆನೆಸಿಕೊಂಡೆ. ಅದನ್ನು ಹಾಕು ಎಂದು ನಾನು ಅವನಿಗೆ ಹೇಳಿಯೇ ಇರಲಿಲ್ಲ.