ಐದು ಸ್ವರದ ಮೇಷ್ಟ್ರು

ಯಾರಾದರೂ ಇಂಗ್ಲಿಷಿನ ಉದ್ದ ಪದವೊಂದನ್ನು ಆಡಿದರೆ ಸಾಕು, ಗುರುಬಸವಯ್ಯ ಮೇಷ್ಟ್ರ ಎಡಗೈ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಹೆಬ್ಬೆರಳು ಎ, ತೋರುಬೆರಳು ಇ, ನಡುಬೆರಳು ಐ, ಉಂಗುರದ ಬೆರಳು ಓ, ಕಿರುಬೆರಳು ಯು. ಇಂಗ್ಲಿಷಿನ ಐದು ಸ್ವರಾಕ್ಷರಗಳೂ ಒಂದೇ ಪದದ ಕಾಗುಣಿತದಲ್ಲಿ ಸಿಕ್ಕಿದರೆ ಕೈ ಮುಷ್ಟಿಯಾಗುತ್ತಿತ್ತು, ಮುಖ ಅರಳುತ್ತಿತ್ತು. ಒಂದು ಕಡಮೆಯಾದರೆ ಆ ಒಂಟಿ ಬೆರಳು ನಿಗುರಿಕೊಂಡು ನಿಲ್ಲುತ್ತಿತ್ತು, ಅವರಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಜಗಲಿಯ ಉದ್ದಕ್ಕೂ ಎರಡು ಸಲ ಓಡಾಡಿ ಬರುತ್ತಿದ್ದರು.

ನಾನು ಲೆಕ್ಕದ ಮೇಷ್ಟ್ರಾಗಿ ಅಜ್ಜಂಪುರದ ಶಾಲೆಗೆ ಹೋದಾಗ ನನಗೆ ಇಪ್ಪತ್ತೆರಡು ವರ್ಷ, ಅವರಿಗೆ ನಲವತ್ತು ದಾಟಿತ್ತು. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಐದು ಸ್ವರವಿರುವ ಪದಗಳಿಗಾಗಿ ಒಂದು ಪುಸ್ತಕ ಇಟ್ಟಿದ್ದರು. ಪದದ ಎದುರಿಗೆ ಕನ್ನಡದಲ್ಲಿ ಅರ್ಥ. ಆ ಅರ್ಥಗಳನ್ನು ನಿಘಂಟಿನಿಂದ ಇಳಿಸಿಕೊಂಡಿರಲಿಲ್ಲ. ‘ರೆಪ್ಯುಟೇಷನ್: ನಾವು ಎದ್ದು ಹೋದ ಮೇಲೆ ಜಗಲಿಯಲ್ಲಿ ನಡೆಯುವ ಮಾತು.’ ‘ಇಂಪಾರ್ಚುನೇಟ್: ಇಲ್ಲ ಅಂದರೂ ಬಾಗಿಲು ಬಿಡದವನು.’ ‘ಮಿಸಲೇನಿಯಸ್: ಮುದುಕಿಯ ಸಂದೂಕದಲ್ಲಿರುವುದು.’ ಅವರಿಗೆ ಬಹಳ ಪ್ರೀತಿಯದು ‘ಅಬ್ಸ್ಟೀಮಿಯಸ್’. ಅದರಲ್ಲಿ ಐದು ಸ್ವರಗಳೂ ಸಾಲಾಗಿ, ಮಗ್ಗಿ ಒಪ್ಪಿಸಿದ ಹಾಗೆ ಬರುತ್ತವೆ. ಅರ್ಥ: ‘ಎರಡನೇ ಸಲ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಇಡುವವನು.’

“ಅರ್ಥ ಅನ್ನೋದು ಕೊಬ್ಬರಿ ಸಿದ್ದಪ್ಪನಿಗೂ ತಿಳೀಬೇಕು ಕಣ್ರೀ,” ಅನ್ನುತ್ತಿದ್ದರು. “ತಿಳೀಲಿಲ್ಲ ಅಂದ್ರೆ ಅದು ಅರ್ಥ ಅಲ್ಲ, ಇನ್ನೊಂದು ಪದ ಅಷ್ಟೇ.”

ಸಿದ್ದಪ್ಪ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದವನು, ಮೇಷ್ಟ್ರ ಗೆಳೆಯ. ದಿನಾ ಸಾಯಂಕಾಲ ಮೇಷ್ಟ್ರು ಅವನ ಅಂಗಡಿಗೆ ಹೋಗಿ ಅಂದಿನ ಪದ ಹೇಳುವರು. ಅವನು ಕೊಬ್ಬರಿ ಕೊಯ್ಯುತ್ತಲೇ ಕೇಳಿ, “ಇನ್ನೂ ವಸಿ ಬಿಡಿಸಿ ಹೇಳಿ ಮೇಷ್ಟ್ರೇ,” ಅನ್ನುವನು. ಒಳಗಿನಿಂದ ಅವನ ಹೆಂಡತಿ ಹಾಲಮ್ಮ, “ಅವ್ರಿಗೆ ಮೊದ್ಲು ಮಜ್ಜಿಗೆ ಕೊಡಿ, ಪದ ಆಮೇಲೆ,” ಎಂದು ಕೂಗುವಳು.

ಆ ವರ್ಷ ತರೀಕೆರೆಯಲ್ಲಿ ಇಲಿಗಳು ಸತ್ತು ಬಿದ್ದವು. ಹದಿನೈದು ದಿನಕ್ಕೆ ಪ್ಲೇಗು ನಮ್ಮೂರಿಗೂ ಬಂತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಎಲ್ಲರೂ ಸೂಜಿ ಹಾಕಿಸಿಕೊಳ್ಳಬೇಕು ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ ಶಾಲೆಗೆ ಬಂತು. ಮೇಷ್ಟ್ರ ಬೆರಳುಗಳು ಅದರ ಮೇಲೂ ಆಡಿದವು.

“ಎವ್ಯಾಕ್ಯುಯೇಷನ್, ಐದೂ ಇವೆ. ಪ್ರಿಕಾಷನ್, ಐದೂ ಇವೆ. ಇನಾಕ್ಯುಲೇಷನ್... ಈ ಸೂಜಿ ಪದದಲ್ಲಿ ತೋರುಬೆರಳಿನ ಇ ಇಲ್ಲ ನೋಡ್ರೀ.”

“ಜನ ಸಾಯ್ತಾ ಇದಾರೆ ಮೇಷ್ಟ್ರೇ,” ಅಂದೆ. ನನ್ನ ದನಿ ಒರಟಾಗಿತ್ತು.

ಅವರು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಆ ಕಾಗದವನ್ನು ಇನ್ನೊಂದು ಸಲ, ಬೆರಳು ಮಡಚದೆ ಓದಿದರು.

ಜನ ಸೂಜಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದರು. ಅಮಲ್ದಾರರ ಗುಮಾಸ್ತ ಮಾಡಿದ ತರ್ಜುಮೆ ಯಾರಿಗೂ ಅರ್ಥವಾಗಿರಲಿಲ್ಲ. ಮೇಷ್ಟ್ರೇ ತಿಳಿಸಿ ಹೇಳಬೇಕೆಂದಾಯಿತು. ಸಂತೆಯ ದಿನ ಅವರು ಒಂದು ಗಾಡಿಯ ಮೇಲೆ ನಿಂತು ಕಾಗದ ಓದಿದರು. ನಾನು ಪಕ್ಕದಲ್ಲೇ ಇದ್ದೆ.

“ಈ ಸೂಜಿ ಅಂದ್ರೆ ಏನಪ್ಪಾ ಅಂದ್ರೆ, ಕಳ್ಳ ಬರೋಕೆ ಮುಂಚೆ ಕಾವಲಿನೋರಿಗೆ ಅವನ ಮುಖ ತೋರಿಸಿ ಇಡೋದು. ಒಂದಿನ ಜ್ವರ ಬತ್ತದೆ, ತೋಳು ನೋಯ್ತದೆ. ಹೋಯ್ತು. ಇನ್ನೇನೂ ಇಲ್ಲ.”

ಇನ್ನೇನೂ ಇಲ್ಲ ಎಂದು ಕಾಗದದಲ್ಲಿ ಇರಲಿಲ್ಲ. ರೋಗ ಆಗಲೇ ಮೈಯೊಳಗೆ ಸೇರಿದ್ದರೆ ಸೂಜಿ ಅದನ್ನು ತಡೆಯಲಾರದು, ಹಾಕಿಸಿಕೊಂಡ ಮೇಲೂ ಕೆಲವು ದಿನ ಎಚ್ಚರದಿಂದಿರಬೇಕು ಎಂಬ ಸಾಲೊಂದಿತ್ತು. ಅದನ್ನು ನಾನೂ ಓದಿದ್ದೆ. ಅವರು ಆ ಸಾಲಿಗೆ ಬಂದು, ಒಂದು ಗಳಿಗೆ ನಿಂತು, ಮುಂದಕ್ಕೆ ಹೋದದ್ದನ್ನು ಕಂಡೆ. ಏನೂ ಅನ್ನಲಿಲ್ಲ. ಜನ ಅಂಗಿಯ ತೋಳು ಮೇಲಕ್ಕೆ ಸರಿಸುತ್ತಾ, ಸೂಜಿ ಹಾಕಲು ಬಂದಿದ್ದ ಡಾಕ್ಟರ ಮುಂದೆ ಸಾಲು ನಿಂತಿದ್ದರು. ಮೊದಲು ಮೇಷ್ಟ್ರು, ಆಮೇಲೆ ಸಿದ್ದಪ್ಪ, ಅವನ ಹಿಂದೆ ಹಾಲಮ್ಮ.

ಎರಡು ದಿನ ಅವಳು ಚೆನ್ನಾಗಿದ್ದಳು. ಮೂರನೆಯ ದಿನ ಕಂಕುಳಲ್ಲಿ ಗಡ್ಡೆ ಎದ್ದಿತು. ಐದನೆಯ ದಿನ ಗುಡಿಸಲಿನಲ್ಲೇ ತೀರಿಕೊಂಡಳು.

ಹತ್ತು ದಿನ ಕಳೆದು ಸಿದ್ದಪ್ಪ ನಾನೂ ಮೇಷ್ಟ್ರೂ ಇದ್ದ ಗುಡಿಸಲಿಗೆ ಬಂದ. ಕೂರಲಿಲ್ಲ.

“ಮೇಷ್ಟ್ರೇ, ಆ ಕಾಗದ ಐತಾ?”

“ಐತೆ.”

“ಪೂರಾ ಓದಿ. ನಂಗೆ ತಿಳಿಯಂಗೆ ಓದಿ.”

ಮೇಷ್ಟ್ರು ಓದಿದರು. ಆ ಸಾಲು ಬಂದಾಗ ದನಿ ತಗ್ಗಿಸದೆ ಓದಿ, ಕಾಗದ ಕೆಳಗಿಟ್ಟು ಅಂದರು: “ಇದನ್ನ ಅವತ್ತು ನುಂಗ್ಬಿಟ್ಟೆ ಸಿದ್ದಪ್ಪ. ಹೇಳಿದ್ರೆ ಯಾರೂ ಬರಲ್ಲ ಅಂತ.”

“ಹೇಳಿದ್ರೂ ಅವ್ಳು ಉಳೀತಿರ್ಲಿಲ್ವಾ?”

“ರೋಗ ಒಳಗೇ ಇತ್ತೇನೋ. ಇದ್ದಿದ್ರೆ, ಉಳೀತಿರ್ಲಿಲ್ಲ.”

“ಆದ್ರೂ ಹೇಳ್ಬೋದಾಗಿತ್ತಲ್ಲ. ಸೂಜಿ ಆಗೈತೆ, ಇನ್ನೇನೂ ಆಗಲ್ಲ ಅಂತ ಇಲಿ ಬಿದ್ದ ಮನೆಗೆ ಎರಡು ಸಲ ಹೋಗಿ ಪಾತ್ರೆ ತಂದ್ಲು. ನಾನೂ ಬೇಡ ಅನ್ನಲಿಲ್ಲ.”

ಅಷ್ಟು ಹೇಳಿ ಹೊರಟುಹೋದ. ನಾನು ತಲೆ ಎತ್ತಲಿಲ್ಲ. ನನಗೂ ಆ ಸಾಲು ಗೊತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಯಾವತ್ತೂ ಹೇಳಲಿಲ್ಲ.

ಜನ ಊರಿಗೆ ಮರಳಿದ ಮೇಲೆ ಮೇಷ್ಟ್ರು ಪದಗಳ ಪುಸ್ತಕ ತೆಗೆಯಲಿಲ್ಲ. ಪಾಠ ಮಾಡುತ್ತಲೇ ಕಿಟಕಿಗೆ ಹೋಗಿ ನಿಲ್ಲುವರು, ವಾಕ್ಯವನ್ನು ಅರ್ಧಕ್ಕೆ ಬಿಡುವರು. ಸಾಯಂಕಾಲ ಪೇಟೆಯ ತನಕ ನಡೆದು, ಸಿದ್ದಪ್ಪನ ಅಂಗಡಿ ಕಾಣುವಲ್ಲಿಂದ ತಿರುಗುವರು. ಒಮ್ಮೆ, “ಒಳಗೆ ಹೋಗಿ ಮಾತಾಡಿಸಬಾರದೆ?” ಎಂದೆ. “ಏನಂತ ಮಾತಾಡ್ಲಿ? ನನ್ನ ಹತ್ರ ಇದ್ದ ಮಾತೆಲ್ಲಾ ಅವತ್ತೇ ಹೇಳಾಯ್ತು,” ಅಂದರು. ಕಡೂರಿಗೆ ವರ್ಗ ಮಾಡಿಸಿಕೊಳ್ಳಿ ಎಂದು ಹೇಳಿದರೆ, ಅದಕ್ಕೂ ಒಪ್ಪಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಇಲಿ ಬಿದ್ದವು, ಮತ್ತೆ ಅದೇ ಕಾಗದ ಬಂತು. ಯಾರೂ ಕರೆಯದಿದ್ದರೂ ಮೇಷ್ಟ್ರು ಸಂತೆಗೆ ಹೋಗಿ ಗಾಡಿ ಹತ್ತಿದರು. ಬಿಟ್ಟಿದ್ದ ಸಾಲನ್ನೇ ಮೊದಲು ಓದಿದರು. “ಈ ಸೂಜಿ ಎಲ್ರನ್ನೂ ಉಳಿಸಲ್ಲ. ಹಾಕಿಸ್ಕೊಂಡೋರೂ ಸತ್ತವ್ರೆ. ಹಾಕಿಸ್ಕೊಳ್ದೋರು ಹೆಚ್ಚು ಸತ್ತವ್ರೆ. ನನಗೆ ಗೊತ್ತಿರೋದು ಇಷ್ಟು.” ಜನ ಗುಂಪುಗುಂಪಾಗಿ ಸರಿಯತೊಡಗಿದರು. ಅವರು ತಡೆಯಲಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಬಿಸಿಲಿನಲ್ಲೇ ನಿಂತಿದ್ದರು. ಡಾಕ್ಟರು ಸಿಡುಕುತ್ತಿದ್ದರು.

ಆಗ ಸಿದ್ದಪ್ಪ ಬಂದ. ಮಗಳು ಗಂಗೆಯ ಕೈ ಹಿಡಿದಿದ್ದ.

“ಹೇಳಿದ್ದೆಲ್ಲಾ ಕೇಳಿಸ್ಕಂಡೆ,” ಎಂದ. “ಇವ್ಳಿಗೆ ಹಾಕ್ಸಿ.”

ಮೇಷ್ಟ್ರು ಗಾಡಿಯಿಂದಿಳಿದು ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಜ್ವರ ಬಂದರೆ ಏನು ಮಾಡಬೇಕು, ಯಾವ ಮನೆಗೆ ಹೋಗಬಾರದು ಎಂದು ಒಂದೊಂದನ್ನೂ ಹೇಳಿದರು. ಸಿದ್ದಪ್ಪ ಕೇಳುತ್ತಾ ನಿಂತಿದ್ದ. ಸರಿದು ಹೋಗಿದ್ದವರಲ್ಲಿ ಕೆಲವರು ತಿರುಗಿ ಬಂದರು. ಎಲ್ಲರೂ ಬರಲಿಲ್ಲ.

ಗಂಗೆ ಉಳಿದಳು. ಮಾರನೆಯ ವರ್ಷ ನನಗೆ ತರೀಕೆರೆಗೆ ವರ್ಗವಾಯಿತು. ನಾನು ಹೊರಟ ದಿನ ಮೇಷ್ಟ್ರು ಸಿದ್ದಪ್ಪನ ಅಂಗಡಿಯಲ್ಲಿ ಕೊಬ್ಬರಿ ಚೀಲದ ಮೇಲೆ ಕೂತಿದ್ದರು. ಸಿದ್ದಪ್ಪ ಕೊಬ್ಬರಿ ಕೊಯ್ಯುತ್ತಿದ್ದ. ನನ್ನನ್ನು ಕಂಡು ಎದ್ದು ಬಂದು, “ಹೋಗಿ ಬನ್ನಿ,” ಎಂದಷ್ಟೇ ಹೇಳಿದರು. ಅವರನ್ನು ಕಂಡದ್ದು ಅದೇ ಕೊನೆ.

ಬಹಳ ವರ್ಷಗಳ ಮೇಲೆ ಗಂಗೆಯ ಕೈಬರಹದಲ್ಲಿ ಕಾಗದ ಬಂತು. ಮೇಷ್ಟ್ರಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು, ನಾಲ್ಕು ದಿನ ಬಹಳ ಒದ್ದಾಡಿದರು, ಕೊನೆಯ ದಿನ ಗುರುತು ಹಿಡಿಯಲಿಲ್ಲ, ಬೆಳಿಗ್ಗೆ ಹೋದರು ಎಂದು ಬರೆದಿದ್ದಳು. ನಾನು ಮುಂದಿನ ರೈಲು ಹತ್ತಿದೆ. ಅಜ್ಜಂಪುರದ ಸ್ಟೇಷನ್ನಿನಲ್ಲಿ ಸಿದ್ದಪ್ಪ ಕಾದಿದ್ದ. ತಲೆ ಪೂರಾ ನರೆತಿತ್ತು. ಅಂದು ಸಂತೆಯಲ್ಲಿ ಆ ಸಾಲು ನನಗೂ ಗೊತ್ತಿದ್ದು ಸುಮ್ಮನಿದ್ದೆನೆಂದು ಅವನಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಊರೊಳಕ್ಕೆ ನಡೆಯುತ್ತಾ ಹೇಳಿದೆ.

ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡು, “ಬನ್ನಿ, ಮನೇಲಿ ಎಲ್ರೂ ಕಾಯ್ತಾವ್ರೆ,” ಅಂದ.