ಮಾವನ ಸೆಟ್ಟು ನೀರಿಗೆ ಬಿದ್ದಾಗ

ತಿಪಟೂರಿನಲ್ಲಿ ನಮ್ಮದೊಂದು ಪೈಪು, ಮೋಟರು ಸಾಮಾನಿನ ಅಂಗಡಿ ಇದೆ. ನಮ್ಮನೆಯವರು ತೋಟಗಳಿಗೆ ಹೋಗಿ ಕೆಟ್ಟ ಮೋಟರು ನೋಡಿ ಬರುತ್ತಾರೆ, ಗಲ್ಲಾದಲ್ಲಿ ಕೂರುವವಳು ನಾನು. ಅಲ್ಲಿ ಕೂತು ನಾನು ಕಲಿತ ಮೊದಲ ಪಾಠವೆಂದರೆ, ಗಿರಾಕಿ ಬಂದು "ಅಕ್ಕಾ, ಒಂದು ಸೆಟ್ಟು ಕೊಡಿ" ಅಂದರೆ ಅವಸರಕ್ಕೆ ಏನನ್ನೂ ಎತ್ತಿಕೊಡಬಾರದು ಅನ್ನುವುದು. ಕೈಯಲ್ಲಿ ಹಳೇ ವಾಷರ್ ಹಿಡಿದಿದ್ದರೆ ವಾಷರ್ ಸೆಟ್ಟು. ಕೈಗೆ ಗ್ರೀಸು ಮೆತ್ತಿದ್ದರೆ ಬೇರಿಂಗ್ ಸೆಟ್ಟು. ಕೈಯಲ್ಲಿ ಏನೂ ಇಲ್ಲದೆ, ಮುಖದಲ್ಲಿ ಕಳೆಯೂ ಇಲ್ಲದೆ ಬಂದರೆ ಪಂಪ್‌ಸೆಟ್ಟೇ ಸುಟ್ಟುಹೋಗಿದೆ ಅಂತ. ಅವರಿಗೆ ಮೊದಲು ಸ್ಟೂಲು ಹಾಕಿ ನೀರು ಕೊಡಬೇಕು.

ನಮ್ಮ ಕಡೆ ಆ ಪದ ಕಾಲಿಡದ ಜಾಗವಿಲ್ಲ. ಹೋಟೆಲಿನಲ್ಲಿ ಸೆಟ್ ದೋಸೆ, ಒಡವೆ ಅಂಗಡಿಯಲ್ಲಿ ಸರ ಓಲೆಯ ಸೆಟ್ಟು. ಹೊಸ ಫೋನು ತಂದರೆ ಯಾರಾದರೂ ಸೆಟ್ ಮಾಡಿಕೊಡಬೇಕು. ಬೇರೆ ಊರಿಗೆ ಹೋದರೆ ನೀರು ಸೆಟ್ ಆಗದೆ ನೆಗಡಿ. ನನ್ನ ತವರು ಸಂಪಿಗೆ ಅನ್ನುವ ಊರು. ನನ್ನ ಮದುವೆ ಮಾತು ಮುಗಿದ ದಿನ ಚಿಕ್ಕಪ್ಪ ಫೋನಿನಲ್ಲಿ ನೆಂಟರಿಗೆಲ್ಲ "ನಮ್ಮ ಹುಡುಗೀಗೆ ಸೆಟ್ಟಾಯ್ತು ಕಣ್ಲಾ" ಅಂತ ಹೇಳಿದ್ದರು. ನನ್ನನ್ನು ಯಾವುದೋ ಮಿಷನ್ನಿಗೆ ಕೂರಿಸಿ ನಟ್ಟು ಬಿಗಿದ ಹಾಗೆ ಕೇಳಿಸಿತ್ತು.

ಅಂಗಡಿ ಪೇಟೆಯಲ್ಲಿದ್ದರೂ ಮನೆ ಇರುವುದು ಹಾಲ್ಕುರಿಕೆ ಕಡೆಯ ಒಂದು ಹಳ್ಳಿಯ ತೋಟದಲ್ಲಿ. ಅತ್ತೆ, ಮಾವ, ನಾವಿಬ್ಬರು, ಆಗಿನ್ನೂ ಮದುವೆಯಾಗದ ನಾದಿನಿ. ಅವಳು ತಿಪಟೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮಾವನಿಗೆ ಜೀವನದಲ್ಲಿ ಎರಡು ಹುಚ್ಚು: ಮಾತು, ಕೊಬ್ಬರಿ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಲೊಟಲೊಟ ಅಂದರೆ ಸುಲಿದು, ಚಿಪ್ಪು ಬಿಡಿಸಿ, ಇಡೀ ಉಂಡೆ ಕೊಬ್ಬರಿಯನ್ನು ಸೀಬೆಹಣ್ಣಿನ ಹಾಗೆ ಕಚ್ಚಿ ತಿನ್ನುತ್ತಿದ್ದರು. ನಾನು ಹೊಸದಾಗಿ ಬಂದಾಗ ಆ ಕಟುಂ ಕಟುಂ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು.

ಆಮೇಲೆ ಹಲ್ಲುಗಳು ಒಂದೊಂದಾಗಿ ಉದುರಿದವು. ಕೊಬ್ಬರಿಯನ್ನು ತುರಿದು ಬೆಲ್ಲ ಬೆರೆಸಿ ಕೊಟ್ಟರೆ ಮಾವ "ಮಕ್ಳಿಗೆ ಕೊಟ್ಟಂಗೆ ಕೊಡ್ತೀರಲ್ಲೇ" ಎಂದು ಮುಖ ತಿರುಗಿಸುತ್ತಿದ್ದರು. ಕೊನೆಗೆ ನಾದಿನಿಯೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮೇಲಿನದು ಕೆಳಗಿನದು ಸೇರಿಸಿ ಪೂರಾ ಒಂದು ಸೆಟ್ಟು ಕಟ್ಟಿಸಿ ತಂದಳು.

ಹಾಕಿಕೊಂಡರೆ ಮಾವ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಆದರೆ ಅವರಿಗೆ ಸಮಾಧಾನವಿಲ್ಲ. "ಬಾಯೊಳಗೆ ಯಾರ್ದೋ ಮನೆ ಸಾಮಾನು ಇಟ್ಕೊಂಡಂಗೈತೆ ಕಣವ್ವ" ಎಂದು ನನ್ನ ಹತ್ತಿರ ಗೊಣಗುವರು. ಊಟಕ್ಕೆ ಕೂತಾಗ ತೆಗೆದು ಪಕ್ಕಕ್ಕಿಡುವರು, ಯಾರಾದರೂ ಮಾತಾಡಿಸಲು ಬಂದರೆ ಹಾಕಿಕೊಳ್ಳುವರು. "ಉಣ್ಣಾಕೆ ಹಲ್ಲು ಕಟ್ಟಿಸ್ಕೊತಾರೆ. ನೀವು ಮಾತಾಡಾಕೆ ಕಟ್ಟಿಸ್ಕೊಂಡಿದೀರ" ಎಂದು ಅತ್ತೆ ಅನ್ನುತ್ತಿದ್ದರು.

ನಾದಿನಿಯನ್ನು ನೋಡಲು ತುರುವೇಕೆರೆ ಕಡೆಯಿಂದ ಒಂದು ಗಂಡು ಬರುವುದೆಂದು ಗೊತ್ತಾಯಿತು. ಭಾನುವಾರ ಬರುತ್ತಾರೆ. ಶನಿವಾರ ಬೆಳಗ್ಗೆ ನಾನೂ ನಮ್ಮನೆಯವರೂ ಅಂಗಡಿಯಲ್ಲಿದ್ದಾಗ ಮಾವನ ಫೋನು ಬಂತು. ಸ್ವರವೇ ಗುರುತು ಸಿಗದ ಹಾಗಿತ್ತು.

"ಶೆಟ್ಟು ಬಿದ್ದೋತು ಕಣವ್ವಾ! ನೀರಿಗೆ ಬಿದ್ದೋತು! ಬಿರ್‌ಬಿರ್ನೆ ಬರ್ರಿ!"

ಪಂಪ್‌ಸೆಟ್ಟೇ ಬೋರಿಗೆ ಬಿತ್ತು ಅಂದುಕೊಂಡೆ. ಬೋರ್‌ವೆಲ್ಲಿನೊಳಗೆ ಪೈಪು ತುಂಡಾಗಿ ಮೋಟರು ಕೆಳಕ್ಕೆ ಬಿದ್ದರೆ ಏನಾಗುತ್ತದೆಂದು ಆ ಅಂಗಡಿಯಲ್ಲಿ ಕೂತವಳಿಗೆ ಬೇರೆ ಹೇಳಬೇಕೆ? ಎತ್ತಲು ಬಂದರೆ ಪುಣ್ಯ, ಬಾರದಿದ್ದರೆ ಬೋರೇ ಹೋದಂತೆ. ನಮ್ಮನೆಯವರಿಗೆ ಹೇಳಿದೆ. ಅವರು ಕೂಡಲೇ ಮೋಟರು ಎತ್ತುವ ಗಾಡಿಯವನಿಗೆ ಫೋನು ಮಾಡಿ, "ಎಲ್ಲಿದ್ರೂ ಬಂದ್ಬುಡಣ್ಣ" ಅಂದು, ಅಂಗಡಿಯ ಬಾಗಿಲು ಎಳೆದರು.

ದಾರಿಯುದ್ದಕ್ಕೂ ನನಗೆ ಅಳು ಬರುವ ಹಾಗಿತ್ತು. ನಾಳೆ ಬೀಗರಾಗುವವರು ಬರುತ್ತಾರೆ, ಇವತ್ತು ಹೀಗಾಗಬೇಕೆ? ನಾವು ತೋಟಕ್ಕೆ ಹೋಗುವಷ್ಟರಲ್ಲಿ ಗಾಡಿಯೂ ನಮ್ಮ ಹಿಂದೆಯೇ ಬಂತು. ಅದರಿಂದ ಚೈನು, ಹಗ್ಗ, ಕಬ್ಬಿಣದ ಕೊಂಡಿಗಳೊಂದಿಗೆ ಮೂವರು ಇಳಿದರು.

ಇಳಿದವರು ಇಳಿದಲ್ಲೇ ನಿಂತರು. ನೀರಿನ ತೊಟ್ಟಿಗೆ ಪೈಪಿನಿಂದ ದಬದಬ ನೀರು ಬೀಳುತ್ತಿತ್ತು. ತೊಟ್ಟಿಯ ಕಟ್ಟೆಯ ಮೇಲೆ ಮಾವ ಬಾಯಿಗೆ ಟವೆಲು ಅಡ್ಡ ಹಿಡಿದು ಕೂತಿದ್ದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಮೋಟ್ರು ಓಡ್ತಾ ಐತಲ್ಲಪ್ಪ!" ಅಂದರು ನಮ್ಮನೆಯವರು.

"ಮೋಟ್ರಿಗೇನ್ಲಾ ಬಂದೈತೆ ರೋಗ? ನಾನ್ ಮೋಟ್ರು ಅಂದ್ನಾ?" ಮಾವ ಟವೆಲು ಸರಿಸಿ ಬೋಳು ಬಾಯಿ ತೋರಿಸಿದರು.

ನಡೆದದ್ದು ಇಷ್ಟು. ನಾಳೆ ನೆಂಟರ ಮುಂದೆ ಚೆನ್ನಾಗಿ ಕಾಣಲೆಂದು ಮಾವ ಸೆಟ್ಟನ್ನು ಬೂದಿ ಹಾಕಿ ಉಜ್ಜಿ, ಪೈಪಿನ ನೀರಿಗೆ ಹಿಡಿದಿದ್ದಾರೆ. ನೀರಿನ ಹೊಡೆತಕ್ಕೆ ಮೇಲಿನದು ಕೆಳಗಿನದು ಎರಡೂ ಕೈಯಿಂದ ಜಾರಿ ತೊಟ್ಟಿಯೊಳಕ್ಕೆ ಹೋಗಿವೆ.

ಗಾಡಿಯ ಯಜಮಾನ ಬೈಯುತ್ತಾನೆ ಅಂದುಕೊಂಡೆ. ಅವನು ಹೆಗಲ ಮೇಲಿನ ಚೈನು ಕೆಳಗಿಟ್ಟು, "ಬುಡಿ ಯಜಮಾನ್ರೇ, ಪಾತಾಳ್ದಿಂದ ಮೋಟ್ರೇ ಎತ್ತೀವಿ, ಹಲ್ಲು ಎತ್ತಾಕಿಲ್ವಾ?" ಎಂದು ಲುಂಗಿ ಎತ್ತಿಕಟ್ಟಿ ತೊಟ್ಟಿಗೆ ಇಳಿದ. ಅವನ ಜೊತೆಯವರು ಅಷ್ಟು ಹೊತ್ತು ತಡೆದಿದ್ದ ನಗೆಯನ್ನು ಅಲ್ಲೇ ಬಿಟ್ಟರು. ಮಾವನೂ ನಗುವುದಕ್ಕೆ ಹೋಗಿ, ಹಲ್ಲಿಲ್ಲದ್ದು ನೆನಪಾಗಿ ಬಾಯಿ ಮುಚ್ಚಿಕೊಂಡರು.

ಮೋಟರು ನಿಲ್ಲಿಸಿ ನೀರು ಖಾಲಿ ಮಾಡಿದ ಮೇಲೆ ತಳದ ಪಾಚಿಯಲ್ಲಿ ಮೇಲಿನ ಭಾಗ ಸಿಕ್ಕಿತು. ಕೆಳಗಿನದು ಇರಲಿಲ್ಲ. ಅದು ತೂಬಿನಿಂದ ನುಸುಳಿ ಕಾಲುವೆ ಹಿಡಿದು ತೋಟಕ್ಕೆ ಹೋಗಿತ್ತು. ನಾವೆಲ್ಲ ಕಾಲುವೆಯ ಎರಡೂ ಕಡೆ ಬಗ್ಗಿಕೊಂಡು, ತೆಂಗಿನ ಪಾತಿಗಳಲ್ಲಿ ಹಾಸಿದ್ದ ಗರಿ, ಸಿಪ್ಪೆ ಎಲ್ಲ ಕೆದಕುತ್ತಾ ಹೊರಟೆವು. ಸಿಕ್ಕಿದ್ದು ಅತ್ತೆಗೆ. ಒಂದು ಪಾತಿಯಲ್ಲಿ ಒಣಗರಿಗೆ ತಗುಲಿಕೊಂಡು ಮೇಲಕ್ಕೆ ಮುಖಮಾಡಿ ನಗುತ್ತಾ ಕೂತಿತ್ತು. "ಅಯ್ಯಯ್ಯಪ್ಪ!" ಎಂದು ಅವರು ಹಾವು ಕಂಡವರ ಹಾಗೆ ಹಿಂದಕ್ಕೆ ಹಾರಿದರು. ಸುತ್ತಿದ್ದವರೆಲ್ಲ ಬಿದ್ದುಬಿದ್ದು ನಕ್ಕೆವು. ಗಾಡಿಯವರು ಉಪ್ಪಿಟ್ಟು ಕಾಫಿ ಮುಗಿಸಿ ಹೋದರು. ಸಂಜೆ ಆಸ್ಪತ್ರೆಯಿಂದ ಬಂದ ನಾದಿನಿ ವಿಷಯ ಕೇಳಿ, ಎರಡು ಸಲ ತೊಳೆದಿದ್ದ ಸೆಟ್ಟನ್ನು ತಾನು ಮತ್ತೆ ತೊಳೆದಳು.

ಭಾನುವಾರ ಅವರು ಬಂದರು: ಹುಡುಗ, ಅವನ ತಾಯಿ, ತಂದೆ. ಹುಡುಗ ನೋಡಲು ಚೆನ್ನಾಗಿದ್ದ, ಫ್ಯಾಕ್ಟರಿಯಲ್ಲಿ ಕೆಲಸ. ನಾದಿನಿ ಕಾಫಿ ಕೊಟ್ಟು ಬಂದಳು. ಹಿಂದಿನ ದಿನದ ಸುದ್ದಿ ಎತ್ತಬಾರದೆಂದು ಅತ್ತೆ ಮೊದಲೇ ತಾಕೀತು ಮಾಡಿದ್ದರಿಂದ ಮಾವ ಬಿಗುಮಾನದಿಂದ ಕೂತಿದ್ದರು. ಹುಡುಗನ ತಂದೆ ಕೊಬ್ಬರಿ ಮಿಠಾಯಿ ಕೈಯಲ್ಲಿ ಹಿಡಿದು, ತಿನ್ನದೆ, ಮಾವನ ಬಾಯಿಯನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಬಗ್ಗಿ ಕೇಳಿದರು.

"ನಿಮ್ ಸೆಟ್ಟು ಎಂಗೆ ನಡೀತೈತೆ?"

ಮಾವ ಬಾಯಿ ತೆಗೆಯುವ ಮೊದಲೇ ನಮ್ಮನೆಯವರು, ತಮ್ಮ ಕಸುಬಿನ ಮಾತು ಬಂತೆಂದು, ಕುರ್ಚಿ ಎಳೆದುಕೊಂಡು ಶುರುಮಾಡಿದರು. "ಏಳೂವರೆ ಎಚ್‌ಪಿದು ಕಣ್ರೀ. ಹೋದ ವರ್ಷ ಒಂದ್ಸಲ ಕಾಯಿಲ್ ಸುಟ್ಟಿತ್ತು. ಈಗ ಒಳ್ಳೆ ಪ್ರೆಶರ್ರು!"

ಆ ಹಿರಿಯರು ಕಣ್ಣು ಪಿಳಿಪಿಳಿ ಮಾಡಿದರು. ಆಮೇಲೆ ನಗು ಒತ್ತರಿಸಿ ಬಂದು, ಅವರ ಮೇಲಿನ ಸಾಲು ಸಡಿಲವಾಗಿ ತುಟಿಯ ಮೇಲೆ ಬಂತು. ಗಬಕ್ಕನೆ ಹಿಡಿದುಕೊಂಡರು. ಅವರದೂ ಕಟ್ಟಿಸಿದ ಹಲ್ಲು! ಮಾವ ಒಂದೇ ಕ್ಷಣ ನೋಡಿ, "ಬನ್ರೀ, ತೋಟ ನೋಡ್ಕೊಂಡು ಬರಾನ" ಎಂದು ಎಬ್ಬಿಸಿಕೊಂಡು ಹೋದರು.

ಎಷ್ಟೋ ಹೊತ್ತು ಬರಲಿಲ್ಲ. ನಾನು ಕರೆಯಲು ಹೋದರೆ, ಇಬ್ಬರೂ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಸೆಟ್ಟು ತೆಗೆದು ಜೇಬಿಗಿಟ್ಟು, ಎಳನೀರು ಕುಡಿದ ಬುರುಡೆಯಿಂದ ಗಂಜಿ ಕೆರೆದು ತಿನ್ನುತ್ತಿದ್ದರು. ಮಾವ ಶನಿವಾರದ ಕಥೆಯನ್ನು ಕೈ ಬೀಸಿ ಹೇಳುತ್ತಿದ್ದರು. ಆ ಹಿರಿಯರ ಕಣ್ಣಲ್ಲಿ ನೀರು.

ನನಗಂತೂ ಸಂಬಂಧ ಕುದುರಿತೆಂದೇ ಖಾತ್ರಿಯಾಯಿತು. ಅವರು ಹೊರಟ ಮೇಲೆ ಅಡುಗೆಮನೆಯಲ್ಲಿ ನಾದಿನಿಯನ್ನು ಕೇಳಿದೆ.

"ನಂಗೆ ಸೆಟ್ಟಾಗಲ್ಲ ಅತ್ತಿಗೆ" ಅಂದಳು, ಲೋಟ ತೊಳೆಯುತ್ತಲೇ. "ಹುಡುಗ ಒಳ್ಳೇನೇ. ಆದ್ರೆ ಮದ್ವೆ ಆದ್ಮೇಲೆ ಕೆಲ್ಸ ಬಿಡ್ಬೇಕಂತೆ. ನೈಟ್ ಡ್ಯೂಟಿ ಅವರಮ್ಮಂಗೆ ಆಗಲ್ವಂತೆ. ನಾನು ಬಿಡಲ್ಲ."

ಇದನ್ನು ಮಾವನಿಗೆ ಹೇಳುವುದು ಹೇಗೆಂದು ನನಗೂ ಅತ್ತೆಗೂ ಚಿಂತೆ. ಅವಳೇ ಹೋಗಿ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ಹೇಳಿದಳು. ಮಾವ "ಆ ಮನೆ ಅಪ್ಪ ಮಗ ಅದ್ಲುಬದ್ಲಾಗಿದ್ರೆ ಚೆಂದಾಗಿತ್ತು" ಅಂದರು. ಆಮೇಲೆ ಅವಳ ತಲೆ ಸವರಿ, "ಬುಡು, ನಿನ್ನ ಕೆಲ್ಸ ನೀನು ಮಾಡು" ಅಂದು, ಫೋನು ತೆಗೆದುಕೊಂಡು ಹೊರಗೆ ಹೋದರು. ಸಂಬಂಧ ಬೇಡವೆನ್ನುವ ಮಾತನ್ನು ಯಾರ ಕೈಯಲ್ಲೂ ಹೇಳಿಕಳಿಸದೆ ತಾವೇ ಹೇಳಿದ್ದು ಹುಡುಗನ ತಂದೆಗೆ ಹಿಡಿಸಿತಂತೆ.

ಮುಂದಿನ ವರ್ಷ ಆ ಹುಡುಗನ ಮದುವೆ ಬೇರೆ ಕಡೆ ಆಯಿತು. ನಮ್ಮನ್ನೆಲ್ಲ ಕರೆದಿದ್ದರು. ಹೋಗುವುದೋ ಬೇಡವೋ ಎಂದು ಅತ್ತೆ ಹಿಂದೆಮುಂದೆ ನೋಡುತ್ತಿದ್ದರೆ, ನಾದಿನಿ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತಿದ್ದಳು. ಛತ್ರದಲ್ಲಿ ಮದುವೆ ಹೆಣ್ಣಿನ ಕೈಕುಲುಕಿ, ಫೋಟೋ ತೆಗೆಸಿಕೊಂಡು, ಹೋಳಿಗೆಗೆ ಇನ್ನಷ್ಟು ತುಪ್ಪ ಕೇಳಿ ಹಾಕಿಸಿಕೊಂಡಳು. ಊಟದ ಪಂಕ್ತಿಯಲ್ಲಿ ಮಾವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ಮದುಮಗನ ತಂದೆ ಬಂದವರನ್ನೆಲ್ಲ ಬಿಟ್ಟು, ಛತ್ರದ ಹಿಂದಿನ ಹುಣಸೆಮರದ ನೆರಳಲ್ಲಿ ಮಾವನ ಜೊತೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಇನ್ನೊಂದು ಪಂಕ್ತಿ ಆಗ್ಲಿ ಕಣವ್ವ, ಬತ್ತೀವಿ" ಎಂದು ಇಬ್ಬರೂ ನನ್ನನ್ನು ವಾಪಸ್ಸು ಕಳಿಸಿದರು.